ಡಂಪ್ ವಾಲ್ವ್ ತೆಗೆಸಿ, ಹೊಗೆ ತಪಾಸಣೆ ಪಾಸಾಗುವವರೆಗೆ

ನನ್ನ 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೊನೆಗೂ ಹೊಗೆ ತಪಾಸಣೆಯಲ್ಲಿ ಪಾಸಾಗಿದೆ. ಆ ಒಂದು ಕಾಗದಕ್ಕಾಗಿ ತಿಂಗಳುಗಟ್ಟಲೆ ಮೈಸೂರು, ಬೆಂಗಳೂರಿನ ಗ್ಯಾರೇಜುಗಳನ್ನು ಸುತ್ತಿದ್ದೇನೆ, ಬೇಡದ ಬಿಡಿಭಾಗಗಳಿಗೆ ದುಡ್ಡು ಸುರಿದಿದ್ದೇನೆ. ಇಷ್ಟಕ್ಕೆಲ್ಲ ಮೂಲ ಡಂಪ್ ವಾಲ್ವ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಅಲ್ಯೂಮಿನಿಯಂ ವಾಲ್ವ್. ಟರ್ಬೊ ಕಾರಿಗೆ ಇಂಥ ವಾಲ್ವ್ ಹಾಕಿಸಿಕೊಂಡವರೂ ಹಾಕಿಸಿದ ಕಾರನ್ನು ಹಳೆಯದಾಗಿ ಕೊಂಡವರೂ ನಾನು ತಿರುಗಿದ ದಾರಿಯಲ್ಲೇ ಮತ್ತೆ ತಿರುಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕಾರಿನ ಬಗ್ಗೆ ಎರಡು ಮಾತು. 1.8 ಲೀಟರ್ ಪೆಟ್ರೋಲ್ ಎಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವ್, ಟರ್ಬೊ, 150 ಅಶ್ವಶಕ್ತಿ. ಇಂದಿಗೂ ಹೆದ್ದಾರಿಯಲ್ಲಿ ಮನಸ್ಸು ತುಂಬುವಂತೆ ಓಡುತ್ತದೆ. ನಾನು ಕೊಳ್ಳುವಾಗ ಹಿಂದಿನ ಮಾಲೀಕರು ಬಾನೆಟ್ ಎತ್ತಿ, ನೀಲಿ ಬಣ್ಣದ ಡಂಪ್ ವಾಲ್ವ್ ಒಂದನ್ನು ಅಭಿಮಾನದಿಂದ ತೋರಿಸಿದ್ದರು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಅದು ಲಾರಿಯ ಏರ್ ಬ್ರೇಕಿನ ಹಾಗೆ 'ಪ್ಶ್‌ಶ್' ಎನ್ನುತ್ತಿತ್ತು. ಆ ಶಬ್ದ ನನಗೂ ಇಷ್ಟವಾಗಿತ್ತು.

ಶಬ್ದ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದು ಸುಲಭ. ಟರ್ಬೊ ಗಾಳಿಯನ್ನು ಒತ್ತಿ, ಅದನ್ನು ತಂಪು ಮಾಡುವ ಇಂಟರ್‌ಕೂಲರ್ ಮೂಲಕ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಕಡೆಗೆ ತಳ್ಳುತ್ತದೆ. ಗೇರ್ ಬದಲಿಸಲು ಕಾಲು ತೆಗೆದ ಕೂಡಲೇ ಥ್ರಾಟಲ್ ಮುಚ್ಚುತ್ತದೆ, ಆದರೆ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಲೇ ಇರುತ್ತದೆ. ಒತ್ತಿದ ಗಾಳಿಗೆ ಮುಂದೆ ದಾರಿಯಿಲ್ಲ, ಹಿಂದಕ್ಕೆ ನುಗ್ಗಿ ಕಂಪ್ರೆಸರ್ ಚಕ್ರಕ್ಕೆ ಅಪ್ಪಳಿಸುತ್ತದೆ. ಇದನ್ನು ತಪ್ಪಿಸಲು ಕಾರು ತಯಾರಿಸಿದವರೇ ಒಂದು ಡೈವರ್ಟರ್ ವಾಲ್ವ್ ಕೊಟ್ಟಿರುತ್ತಾರೆ. ಅದು ಹೆಚ್ಚುವರಿ ಗಾಳಿಯನ್ನು ಟರ್ಬೊ ಮುಂದಿನ, ಅಂದರೆ ಫಿಲ್ಟರಿನಿಂದ ಟರ್ಬೊಗೆ ಗಾಳಿ ತರುವ ಪೈಪಿಗೆ ವಾಪಸು ಬಿಡುತ್ತದೆ. ಗಾಳಿ ಒಳಗೊಳಗೇ ಸುತ್ತುವುದರಿಂದ ಶಬ್ದ ಕೇಳುವುದಿಲ್ಲ. ಹೊರಗಿನಿಂದ ತಂದು ಹಾಕಿಸುವ ಡಂಪ್ ವಾಲ್ವ್ ಅದೇ ಗಾಳಿಯನ್ನು ಬಯಲಿಗೆ ಬಿಡುತ್ತದೆ.

ಕಾರು ಮನೆಗೆ ಬಂದ ಕೆಲವೇ ದಿನಗಳಲ್ಲಿ ಕಿರಿಕಿರಿ ಶುರುವಾಯಿತು. ರಿಂಗ್ ರಸ್ತೆಯಲ್ಲಿ ಒಳ್ಳೆಯ ವೇಗದಲ್ಲಿ ಬಂದು, ಸಿಗ್ನಲ್ ಕಂಡು ಕಾಲು ತೆಗೆದು ಕ್ಲಚ್ ಒತ್ತಿದರೆ ಎಂಜಿನ್ ಸುತ್ತು ತೋರಿಸುವ ಮುಳ್ಳು ನಿಮಿಷಕ್ಕೆ 800ರಲ್ಲಿ ನಿಲ್ಲದೆ 400ಕ್ಕೆ ಇಳಿಯುತ್ತಿತ್ತು. ಒಮ್ಮೊಮ್ಮೆ ಎಂಜಿನ್ ಬಂದ್ ಆಗಿಯೇಬಿಡುತ್ತಿತ್ತು. ನಿಂತ ಕಾರಿನ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ, ಏರಿಳಿಯುತ್ತಿತ್ತು. ಸೈಲೆನ್ಸರ್ ತುದಿಗೆ ಬೆರಳು ಸವರಿದರೆ ಕಾಡಿಗೆಯಷ್ಟು ಕಪ್ಪು ಮಸಿ. ನಿಧಾನ ಸಂಚಾರದಲ್ಲಿ ಪೆಟ್ರೋಲ್ ವಾಸನೆ. ಚಾಮುಂಡಿ ಬೆಟ್ಟದ ತಿರುವೊಂದರಲ್ಲಿ, ಹಿಂದೆ ಬಸ್ಸು ಹಾರನ್ ಹೊಡೆಯುತ್ತಿರುವಾಗ ಎಂಜಿನ್ ನಿಂತುಹೋದ ದಿನ ಅಮ್ಮ ಈ ಕಾರಿನಲ್ಲಿ ಇನ್ನು ಕೂರುವುದಿಲ್ಲ ಎಂದುಬಿಟ್ಟರು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಗಟ್ಟಿಯಾಗುತ್ತದೆ. ಅವರ ಭಯದಲ್ಲಿ ಅರ್ಥವಿತ್ತು.

ಮೊದಲು ಹೋದದ್ದು ಮೈಸೂರಿನಲ್ಲಿ ಮನೆಯ ಹತ್ತಿರದ ಗ್ಯಾರೇಜಿಗೆ. ಈ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್‌ಗಳು ಕೈಕೊಡುವುದು ಹೆಸರಾದ ಸಂಗತಿ, ಹಾಗಾಗಿ ಅಲ್ಲಿಂದಲೇ ಶುರು ಮಾಡಿದರು. ಬಿಚ್ಚಿದ ಪ್ಲಗ್‌ಗಳು ಇದ್ದಿಲಿನಂತೆ ಒಣ ಮಸಿಯಿಂದ ಕಪ್ಪಾಗಿದ್ದವು. ಪ್ಲಗ್, ಕಾಯಿಲ್ ಎರಡೂ ಹೊಸದು. ಒಂದು ವಾರ ಚೆನ್ನಾಗಿ ಓಡಿ ಮತ್ತೆ ಅದೇ ಹಾಡು. ಆಮೇಲೆ ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಥ್ರಾಟಲ್ ಶುಚಿ. ಎಂಜಿನ್ ದೀಪ ಹೊತ್ತಿಕೊಂಡಾಗ ಸಣ್ಣ ಸ್ಕ್ಯಾನರ್ ಹಾಕಿ ನೋಡಿದರು: ಪಿ0300, ಅಂದರೆ ಬೇರೆ ಬೇರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ಮಿಸ್‌ಫೈರ್, ಪಿ0171, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಪ್ಲಗ್ ನೋಡಿದರೆ ಪೆಟ್ರೋಲ್ ಹೆಚ್ಚಾದ ಲಕ್ಷಣ, ಸ್ಕ್ಯಾನರ್ ನೋಡಿದರೆ ಕಡಿಮೆಯಾದ ಲಕ್ಷಣ. ಈ ಎರಡು ಮಾತಿಗೆ ತಾಳೆಯೇ ಇಲ್ಲ. "ಏರ್ ಫ್ಲೋ ಸೆನ್ಸರ್ ಹೋಗಿರಬೇಕು ಸರ್" ಎಂದು ಅದನ್ನೂ ಬದಲಿಸಿದರು. ಏನೂ ಬದಲಾಗಲಿಲ್ಲ. ಅವರು ಕೆಲಸಗಳ್ಳರಲ್ಲ, ಒಂದೊಂದು ಊಹೆಗೂ ಕಾರಣವಿತ್ತು. ಆದರೆ ಪ್ರತಿ ಊಹೆಯ ಬೆಲೆ ನನ್ನ ಜೇಬಿನಿಂದ ಹೋಗುತ್ತಿತ್ತು.

ಇಲ್ಲೊಂದು ಮಾತು ನೆನಪಿಡಿ. ಕಾರಿನಲ್ಲಿ ಡಂಪ್ ವಾಲ್ವ್ ಇದ್ದು ಇಂಥ ತೊಂದರೆ ಕಂಡರೆ, ಯಾವ ಭಾಗ ಕೊಳ್ಳುವುದಕ್ಕೂ ಮೊದಲು ಕಾರಿನ ಮೂಲ ಡೈವರ್ಟರ್ ವಾಲ್ವನ್ನು ಮತ್ತೆ ಕೂರಿಸಿ ಓಡಿಸಿ ನೋಡಿ. ಸ್ನೇಹಿತರಿಂದ ಎರವಲು ತಂದಾದರೂ ಸರಿ. ಕೈ ಹಾಕಲು ಜಾಗವಿರುವ ಎಂಜಿನ್ನಿನಲ್ಲಿ ಮೂರು ಕ್ಲಿಪ್ ಬಿಚ್ಚಿ ಹಾಕುವ ಕೆಲಸ ಅದು. ಗುಣ ಕಂಡರೆ ಸಾವಿರಾರು ರೂಪಾಯಿ ಉಳಿಯಿತು.

ಇದರ ನಡುವೆ ಹೊಗೆ ತಪಾಸಣೆಯ ಅವಧಿ ಮುಗಿಯಿತು. ನನ್ನ ಕಾರಿಗೆ ಆರು ತಿಂಗಳಿಗೊಮ್ಮೆ ಪ್ರಮಾಣಪತ್ರ ಬೇಕು. ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಸಲಾಕೆ ತೂರಿಸಿ ನೋಡಿದ ಹುಡುಗ ತಲೆಯಾಡಿಸಿದ. ನನ್ನದರಂಥ ಬಿಎಸ್-3 (ಭಾರತ್ ಸ್ಟೇಜ್ ಹೊಗೆ ಮಾನದಂಡದ ಮೂರನೇ ಹಂತ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮೀರಬಾರದು. ಎರಡನೆಯದು ಹೇಗೋ ಮಿತಿಯೊಳಗಿತ್ತು, ಮೊದಲನೆಯದು ಮಿತಿಯ ಎರಡರಷ್ಟನ್ನೂ ದಾಟಿತ್ತು. "ಸ್ವಲ್ಪ ದೂರ ಓಡಿಸಿ, ಎಂಜಿನ್ ಬಿಸಿ ಮಾಡಿಕೊಂಡು ಬನ್ನಿ ಸರ್" ಎಂದ. ಒಳ್ಳೆಯ ಸಲಹೆಯೇ, ಸೈಲೆನ್ಸರ್ ಸಾಲಿನಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದಾಗಲೇ ಕೆಲಸ ಮಾಡುವುದು. ಬಿಸಿ ಮಾಡಿಕೊಂಡು ಹೋದರೂ ಅಂಕಿ ಅಲುಗಲಿಲ್ಲ. ಪ್ರಮಾಣಪತ್ರವಿಲ್ಲದ ಕಾರನ್ನು ರಸ್ತೆಗಿಳಿಸುವ ಹಾಗಿಲ್ಲ, ರಸ್ತೆಗಿಳಿಸದೆ ರಿಪೇರಿ ಆಗುವುದಿಲ್ಲ. ಆ ದಿನಗಳಲ್ಲಿ ಪ್ರತಿ ಟ್ರಾಫಿಕ್ ಪೊಲೀಸರನ್ನು ಕಂಡಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ದೊಡ್ಡ ಸರ್ವಿಸ್ ಸೆಂಟರ್ ಒಂದಕ್ಕೆ ಹೋದೆ. ಕಾರನ್ನು ಎರಡು ದಿನ ಇಟ್ಟುಕೊಂಡು, ಮುಟ್ಟದೆ ವಾಪಸು ಕೊಟ್ಟರು. ಜಾಬ್ ಕಾರ್ಡಿನಲ್ಲಿ ಹೊರಗಿನ ಭಾಗ ಅಳವಡಿಸಲಾಗಿದೆ ಎಂಬ ಒಂದು ಸಾಲು, ಕೆಳಗೆ ತಪಾಸಣಾ ಶುಲ್ಕ. ಸರ್ವಿಸ್ ಸಲಹೆಗಾರ ಮರ್ಯಾದೆಯಿಂದಲೇ ಹೇಳಿದ: "ಈ ವಾಲ್ವ್ ಇರುವವರೆಗೆ ನಾವು ಯಾವ ಅಂಕಿಯನ್ನೂ ನಂಬಲು ಆಗುವುದಿಲ್ಲ ಸರ್." ಅಂದು ಕೋಪ ಬಂದಿತ್ತು. ಈಗ ನೋಡಿದರೆ ಆವರೆಗೆ ಸಿಕ್ಕ ಸರಿಯಾದ ಮಾತು ಅದೊಂದೇ. ಕಾರಣವನ್ನೂ ಬಿಡಿಸಿ ಹೇಳಿದ್ದರೆ ನನಗೊಂದು ತಿಂಗಳು ಉಳಿಯುತ್ತಿತ್ತು.

ಕಾರಣ ಹೇಳಿದವರು ಬೆಂಗಳೂರಿನಲ್ಲಿ ಇದೇ ಬಗೆಯ ಎಂಜಿನ್‌ಗಳನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿರುವ ಒಬ್ಬ ಹಿರಿಯ ಮೆಕ್ಯಾನಿಕ್. ಅವರ ಶೆಡ್ಡಿನಲ್ಲಿ ಜಾಗ ಸಿಗಲು ಕಾಯಬೇಕು. ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡು ಹೋದೆ. ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ, ಲ್ಯಾಪ್‌ಟಾಪ್ ಚುಚ್ಚಿ ಅಳತೆ ಗುಂಪು 032 ತೆರೆದರು. ಎಂಜಿನ್ನಿನ ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದೆ ಎಂದು ಅಲ್ಲಿ ಕಾಣುತ್ತದೆ: ಒಂದು ಅಂಕಿ ಐಡಲ್‌ನದು, ಇನ್ನೊಂದು ಓಡುವಾಗಿನದು. ನನ್ನ ಕಾರಿನಲ್ಲಿ ಓಡುವಾಗಿನದು ಸೊನ್ನೆಯ ಹತ್ತಿರ, ಐಡಲ್‌ನದು ಶೇ. 8ಕ್ಕೂ ಮೇಲೆ. "ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ" ಎಂದರು. ಎಂಜಿನ್ ಐಡಲ್‌ನಲ್ಲಿರುವಾಗಲೇ ಡಂಪ್ ವಾಲ್ವಿನ ಬಾಯಿಗೆ ತೆಳು ಕಾಗದದ ಚೂರೊಂದನ್ನು ಹಿಡಿದರು. ಕಾಗದ ಒಳಕ್ಕೆ ಎಳೆದುಕೊಂಡು ಬಾಯಿಗೆ ಅಂಟಿಕೊಂಡಿತು. ಗಾಳಿಯನ್ನು ಹೊರಗೆ ಬಿಡಬೇಕಾದ ವಾಲ್ವ್ ಐಡಲ್‌ನಲ್ಲಿ ಗಾಳಿ ಕುಡಿಯುತ್ತಿತ್ತು, ಅದೂ ಫಿಲ್ಟರ್ ಇಲ್ಲದೆ, ರಸ್ತೆಯ ಧೂಳಿನ ಸಮೇತ.

ನಡೆಯುತ್ತಿದ್ದದ್ದು ಇದು. ಈ ಎಂಜಿನ್ನಿನಲ್ಲಿ ಏರ್ ಫಿಲ್ಟರ್ ಡಬ್ಬಿಯ ಬೆನ್ನಿಗೇ ಏರ್ ಫ್ಲೋ ಸೆನ್ಸರ್ ಇದೆ. ಒಳಗೆ ಹೋದ ಗಾಳಿಯನ್ನು ಅಲ್ಲಿಯೇ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಚಿಮ್ಮಿಸುತ್ತದೆ. ಮೆಕ್ಯಾನಿಕ್ ಹೇಳಿದ್ದು ಹೀಗೆ: "ಮದುವೆ ಮನೆಯ ಬಾಗಿಲಲ್ಲಿ ತಲೆ ಎಣಿಸಿ ಎಲೆ ಹಾಕಿ ಬಡಿಸಿದ್ದಾರೆ. ಬಂದವರಲ್ಲಿ ಅರ್ಧ ಜನ ಹಿತ್ತಲ ಬಾಗಿಲಿನಿಂದ ಹೊರಟುಹೋದರೆ ಬಡಿಸಿದ ಅನ್ನ ಏನಾಗಬೇಕು?" ಕಾಲು ತೆಗೆದಾಗ ಡಂಪ್ ವಾಲ್ವ್ ಹೊರಗೆ ಬಿಡುವುದು ಆಗಲೇ ಎಣಿಕೆಯಾದ ಗಾಳಿ. ಅದರ ಪಾಲಿನ ಪೆಟ್ರೋಲ್ ಸಿಲಿಂಡರಿಗೆ ಬಂದಿರುತ್ತದೆ, ಸುಡಲು ಗಾಳಿ ಇರುವುದಿಲ್ಲ. ಅದರಿಂದಲೇ ಮಸಿ, ವಾಸನೆ, ಸಿಗ್ನಲ್‌ನಲ್ಲಿ ಎಂಜಿನ್ ಉಸಿರು ಕಟ್ಟುವುದು. ಐಡಲ್‌ಗೆ ಬಂದರೆ ಕಥೆ ತಿರುಗುಮುರುಗು. ಆಗ ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚು. ಸ್ಪ್ರಿಂಗ್ ಸಡಿಲವಾದ ವಾಲ್ವನ್ನು ಅದು ಎಳೆದು ತೆರೆದಿಡುತ್ತದೆ. ಎಣಿಕೆಗೆ ಸಿಗದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುವುದನ್ನು ಕಲಿತುಕೊಳ್ಳುತ್ತದೆ. ಹೀಗೆ ಒಂದೇ ವಾಲ್ವಿನಿಂದ ಎರಡು ವಿರುದ್ಧ ರೋಗ. ಮೈಸೂರಿನ ಗ್ಯಾರೇಜಿನಲ್ಲಿ ಪ್ಲಗ್ ಒಂದು ಹೇಳಿ ಸ್ಕ್ಯಾನರ್ ಇನ್ನೊಂದು ಹೇಳಿದ್ದರ ಗುಟ್ಟು ಇದೇ. ಮೂಲ ವಾಲ್ವ್ ಕೂಡ ಐಡಲ್‌ನಲ್ಲಿ ತುಸು ತೆರೆಯಬಹುದು, ಆದರೆ ಅದರ ಎರಡೂ ತುದಿ ಅಳೆದ ಗಾಳಿಯ ಹಾದಿಯಲ್ಲೇ ಇರುವುದರಿಂದ ಲೆಕ್ಕ ಕೆಡುವುದಿಲ್ಲ.

"ನನ್ನ ಗೆಳೆಯನ ಕಾರಿನಲ್ಲಿ ವರ್ಷಗಳಿಂದ ಇದೆ, ಏನೂ ಆಗಿಲ್ಲ" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಎಷ್ಟೋ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಫಿಲ್ಟರ್ ಬಳಿ ಗಾಳಿಯನ್ನು ಅಳೆಯದೆ, ಮ್ಯಾನಿಫೋಲ್ಡಿನ ಒತ್ತಡ ಮತ್ತು ಉಷ್ಣತೆಯಿಂದ ಲೆಕ್ಕ ಹಾಕುತ್ತವೆ. ಅಂಥವುಗಳಲ್ಲಿ ಥ್ರಾಟಲಿನ ಹಿಂದೆ ಗಾಳಿ ಹೊರಗೆ ಹೋದರೂ ಪೆಟ್ರೋಲಿನ ಲೆಕ್ಕ ಅಷ್ಟಾಗಿ ಹಳಿ ತಪ್ಪುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯಲು ಏರ್ ಫಿಲ್ಟರ್ ಡಬ್ಬಿಯಿಂದ ಹೊರಡುವ ಪೈಪನ್ನು ನೋಡಿ. ಅಲ್ಲಿಯೇ ವೈರ್ ಚುಚ್ಚಿದ ಸೆನ್ಸರ್ ಇದ್ದರೆ ಬಹುತೇಕ ನನ್ನ ಜಾತಿಯ ಎಂಜಿನ್. ಖಚಿತವಾಗಿ ತಿಳಿಯಲು ಸ್ಕ್ಯಾನರಿನಲ್ಲಿ ಗಾಳಿಯ ಹರಿವು ಸೆಕೆಂಡಿಗೆ ಇಂತಿಷ್ಟು ಗ್ರಾಂ ಎಂದು ಬರುತ್ತಿದೆಯೇ ನೋಡಿಸಿ. ನನ್ನ ಎಂಜಿನ್ನಿನಲ್ಲಿ ಐಡಲ್‌ನಲ್ಲಿ ಅದು 2ರಿಂದ 4 ಇರಬೇಕು. ಡೀಸೆಲ್ ಕಾರಿನವರಿಗೆ ಈ ಚಿಂತೆಯೇ ಬೇಡ, ಡಂಪ್ ವಾಲ್ವಂತೂ ಬೇಡವೇ ಬೇಡ. ಡೀಸೆಲ್ ಎಂಜಿನ್ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯನ್ನು ತಡೆಯುವುದಿಲ್ಲ. ಅದಕ್ಕೆಂದು ಮಾರುವ ಕಿಟ್‌ಗಳು ಶಬ್ದಕ್ಕಷ್ಟೇ ಇರುವಂಥವು. ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನೂ ನಂಬಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಯಾವ ವಾಲ್ವ್ ಆದರೂ ಮುಚ್ಚಿಯೇ ಇರುತ್ತದೆ. ಮುಚ್ಚಿದ ವಾಲ್ವ್ ಶಕ್ತಿಯನ್ನು ಎಲ್ಲಿಂದ ತರಬೇಕು?

ರೋಗ ಗೊತ್ತಾಯಿತು, ಔಷಧಿ ಹುಡುಕಬೇಕಿತ್ತು. ಹಿಂದಿನ ಮಾಲೀಕರು ಮೂಲ ವಾಲ್ವನ್ನು ಎಸೆದಿದ್ದರು. ಬೇಕಾದದ್ದು 06ಎ145710ಎನ್ ಎಂಬ ಸಂಖ್ಯೆಯ ಕಪ್ಪು ಪ್ಲಾಸ್ಟಿಕ್ ವಾಲ್ವ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಒಂದು ಕಡೆ ಕೂಡಲೇ ತೆಗೆದುಕೊಟ್ಟರು, ಡಬ್ಬಿಯೂ ಅಚ್ಚುಕಟ್ಟಾಗಿತ್ತು. ಮೆಕ್ಯಾನಿಕ್ ಹೇಳಿಕೊಟ್ಟಿದ್ದ ಪರೀಕ್ಷೆಯನ್ನು ಕೌಂಟರಿನಲ್ಲೇ ಮಾಡಿದೆ. ವಾಲ್ವಿನ ದೊಡ್ಡ ಬಾಯಿಯೊಳಗೆ ಬೆರಳು ಹಾಕಿ ಪಿಸ್ಟನ್ನನ್ನು ಮೇಲಕ್ಕೆ ಒತ್ತಬೇಕು, ತಲೆಯ ಮೇಲಿನ ಸಣ್ಣ ನಳಿಕೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಬೇಕು, ಆಮೇಲೆ ಒತ್ತಿದ ಬೆರಳನ್ನು ಬಿಡಬೇಕು. ಒಳಗಿನ ರಬ್ಬರ್ ಡಯಾಫ್ರಮ್ ಗಟ್ಟಿಯಿದ್ದರೆ ಪಿಸ್ಟನ್ ಮೇಲೆಯೇ ನಿಲ್ಲುತ್ತದೆ. ಅದು ಟಪ್ಪನೆ ಕೆಳಗಿಳಿಯಿತು. ಇನ್ನೊಂದು ಡಬ್ಬಿ ತೆಗೆಸಿದರೂ ಹಾಗೆಯೇ. ಅಂಗಡಿಯವರು "ಹೊಸದು ಸರ್, ಕಂಪನಿಯ ಮಾಲು" ಎಂದು ಪಟ್ಟು ಹಿಡಿದರು. ನಾನು ಕೈಮುಗಿದು ಹೊರಬಂದೆ. ಕೊನೆಗೆ ಬೇರೊಬ್ಬ ವ್ಯಾಪಾರಿಯ ಬಳಿ ಮುಂಗಡ ಕೊಟ್ಟು ತರಿಸಿದೆ. ಬರುವ ವಾರ, ಬರುವ ವಾರ ಎನ್ನುತ್ತಲೇ ತಿಂಗಳ ಮೇಲಾಯಿತು. ಬಂದದ್ದು ಪರೀಕ್ಷೆಯಲ್ಲಿ ನಿಂತಿತು. ಈ ಪರೀಕ್ಷೆಗೆ ದುಡ್ಡಿಲ್ಲ, ಉಪಕರಣ ಬೇಡ. ಯಾರೇ ಕೊಟ್ಟರೂ ಮಾಡದೆ ಕೊಳ್ಳಬೇಡಿ.

ಅಳವಡಿಸಲು ಹೋದಾಗ ಇನ್ನೊಂದು ತೊಡಕು ಎದುರಾಯಿತು. ಟರ್ಬೊ ಮುಂದಿನ ರಬ್ಬರ್ ಪೈಪಿನಲ್ಲಿ ಗಾಳಿ ವಾಪಸು ಬರಬೇಕಾದ ಕವಲಿಗೆ ಒಂದು ದೊಡ್ಡ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದರು. ಎಂಜಿನ್ ಬಿಸಿಗೆ ಅದರ ಸುತ್ತ ರಬ್ಬರ್ ಸೀಳಿ, ಬೆರಳುಗುರು ತೂರುವಷ್ಟು ಸಂದಿ ಬಿದ್ದಿತ್ತು. ಹಾಗಾಗಿ ವಾಲ್ವ್ ಜೊತೆಗೆ ಪೈಪನ್ನೂ ಬದಲಿಸಬೇಕಾಯಿತು, ಹೊಸ ಹೋಸ್ ಮತ್ತು ಕ್ಲಿಪ್‌ಗಳ ಖರ್ಚು ಬೇರೆ. ಡಂಪ್ ವಾಲ್ವ್ ತೆಗೆಸುವವರು ಈ ಕವಲನ್ನು ಮೊದಲೇ ನೋಡಿಸಿ ಪೈಪ್ ತರಿಸಿಟ್ಟುಕೊಳ್ಳಿ. ಇಲ್ಲವಾದರೆ ಬಿಚ್ಚಿದ ಕಾರು ಶೆಡ್ಡಿನಲ್ಲಿ ಮಲಗಿರುತ್ತದೆ, ನೀವು ಬಸ್ಸಿನಲ್ಲಿ ಊರಿಗೆ ಮರಳುತ್ತೀರಿ. ನನಗೆ ಆದದ್ದು ಹಾಗೆಯೇ.

ಎಲ್ಲ ಜೋಡಿಸಿದ ಮೇಲೆ ಕಂಪ್ಯೂಟರ್ ಕಲಿತುಕೊಂಡಿದ್ದ ಹಳೆಯ ತಿದ್ದುಪಡಿಗಳನ್ನು ಅಳಿಸಿ, ಅಳತೆ ಗುಂಪು 060ರಲ್ಲಿ ಥ್ರಾಟಲಿಗೆ ಬೇಸಿಕ್ ಸೆಟ್ಟಿಂಗ್ ಮಾಡಿದರು, ಅಂದರೆ ಥ್ರಾಟಲಿನ ಸ್ಥಾನವನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಿದರು. ಇದನ್ನು ಬಿಟ್ಟರೆ ಕಾರು ಕೆಲವು ದಿನ ಹಳೆಯ ಲೆಕ್ಕದಲ್ಲೇ ಓಡಿ ನಿಮ್ಮನ್ನು ಗಾಬರಿಪಡಿಸುತ್ತದೆ. ಅಲ್ಲಿಂದ ಮೈಸೂರಿಗೆ ಬರುವಾಗ ಟೋಲ್ ಗೇಟುಗಳಲ್ಲಿ, ಸಿಗ್ನಲ್‌ಗಳಲ್ಲಿ ಬೇಕೆಂದೇ ವೇಗದಿಂದ ಕಾಲು ತೆಗೆದು ಪರೀಕ್ಷಿಸಿದೆ. ಮುಳ್ಳು 800ಕ್ಕೆ ಇಳಿದು ಅಲ್ಲಿಯೇ ನಿಂತಿತು. ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಗೇರ್ ಬದಲಿಸಿ ಮತ್ತೆ ಕಾಲಿಟ್ಟಾಗ ಮೊದಲಿದ್ದ ಮುಗ್ಗರಿಕೆಯೂ ಹೋಗಿತ್ತು. ಮರುದಿನ ಅಮ್ಮನನ್ನು ಒಪ್ಪಿಸಿ ಬೆಟ್ಟ ಹತ್ತಿಸಿ ಇಳಿಸಿಕೊಂಡು ಬಂದೆ.

ಹೊಗೆ ತಪಾಸಣೆ ಮಾತ್ರ ಆಗಲೂ ದಾಟಲಿಲ್ಲ. ಅಂಕಿ ಇಳಿದು ಮಿತಿಯ ಅಂಚಿಗೆ ಬಂದಿತ್ತು, ಒಳಗೆ ಬಂದಿರಲಿಲ್ಲ. ಇಡೀ ಅನುಭವದಲ್ಲಿ ನಾನು ನಿಜವಾಗಿ ಕುಸಿದುಹೋದದ್ದು ಆ ಹೊತ್ತಿನಲ್ಲಿ. ಮತ್ತೆ ಬೆಂಗಳೂರು. ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗನ್ನು ಪರದೆಯಲ್ಲಿ ತೋರಿಸಿದರು. ಸಾಲು ಸಾಲು ಸಣ್ಣ ಕಿಂಡಿಗಳಿರಬೇಕಾದ ಪಿಂಗಾಣಿಯಲ್ಲಿ ಒಂದು ಮೂಲೆ ಕರಗಿ, ಗಾಜಿನಂತೆ ಮಿನುಗುವ ಉಂಡೆಯಾಗಿತ್ತು. ಎಂಜಿನ್ನಿನಲ್ಲಿ ಸುಡದ ಪೆಟ್ರೋಲ್ ಇಲ್ಲಿಗೆ ಬಂದು ಸುಡುತ್ತದೆ, ಆ ಶಾಖಕ್ಕೆ ಪಿಂಗಾಣಿ ಕರಗುತ್ತದೆ. ಹಳೆಯ ಕಾರು, ಕೆಟ್ಟ ಕಾಯಿಲ್‌ಗಳ ಪಾಲೂ ಅದರಲ್ಲಿ ಇರಬಹುದು, ಎಲ್ಲವನ್ನೂ ವಾಲ್ವಿನ ತಲೆಗೆ ಕಟ್ಟಲಾರೆ. ಆದರೆ ಪ್ರತಿ ಗೇರಿಗೂ ಒಂದು ಗುಟುಕು ಹಸಿ ಪೆಟ್ರೋಲ್ ಕುಡಿಸಿದರೆ ಅದು ಎಷ್ಟು ದಿನ ಬಾಳುತ್ತದೆ?

ಒಳಗಿನದನ್ನು ಕುಟ್ಟಿ ತೆಗೆದು ಖಾಲಿ ಡಬ್ಬಿ ಬಿಡಿ, ಕಾಸೂ ಉಳಿಯುತ್ತದೆ ಎಂದು ಸಲಹೆ ಕೊಟ್ಟವರಿದ್ದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದ ಕಾರಿನ ಹೊಗೆಯನ್ನು ಬಸ್ ನಿಲ್ದಾಣದಲ್ಲಿ ನಿಂತ ಜನ ಕುಡಿಯಬೇಕು, ಮೇಲಾಗಿ ಅದು ಕಾನೂನಿಗೆ ವಿರುದ್ಧ. ಕಂಪನಿಯ ಹೊಸ ಕನ್ವರ್ಟರಿನ ಬೆಲೆ ನನ್ನ ಕೈಗೆಟುಕಲಿಲ್ಲ. ಅಳತೆಗೆ ತಕ್ಕ ಬದಲಿ ಕನ್ವರ್ಟರ್ ತರಿಸಿ ಬೆಸುಗೆ ಹಾಕಿಸಿದೆ. ಆಮೇಲೆ ತಪಾಸಣೆಯಲ್ಲಿ ಬಂದ ಅಂಕಿ ಶೇ. 0.1. ವ್ಯಾನಿನ ಹುಡುಗನೇ ಎರಡನೇ ಸಲ ಸಲಾಕೆ ಹಾಕಿ ಖಚಿತಪಡಿಸಿಕೊಂಡ.

ಖರ್ಚು ಕೇಳುವವರಿಗಾಗಿ: ಗುರಿ ತಪ್ಪಿದ ರಿಪೇರಿಗಳಿಗೆ ಸುಮಾರು 30,000 ರೂಪಾಯಿ, ಅದರಲ್ಲಿ ಸೆನ್ಸರಿನದೇ ದೊಡ್ಡ ಪಾಲು. ವಾಲ್ವ್, ಪೈಪ್, ಕೆಲಸದ ಕೂಲಿ ಎಲ್ಲ ಸೇರಿ 12,000ದ ಆಸುಪಾಸು. ಕನ್ವರ್ಟರಿಗೆ ಬೆಸುಗೆ ಸಮೇತ 25,000 ದಾಟಿತು. ಓಡಾಟ, ರಜೆಗಳನ್ನು ಇದರಲ್ಲಿ ಸೇರಿಸಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ಹೊತ್ತಿನಲ್ಲಿ ಪರಿಹಾರಕ್ಕೆ ತಕರಾರು ಏಳಬಹುದು. ಮೂಲ ಭಾಗ ಕೂರಿಸಿದ್ದಕ್ಕೆ ಬಿಲ್ ಪಡೆದು, ಅಳವಡಿಸಿದ ಮೇಲಿನ ಫೋಟೊ ತೆಗೆದು ಆರ್‌ಸಿ ಪ್ರತಿಯ ಜೊತೆ ಇಟ್ಟುಕೊಂಡಿದ್ದೇನೆ. ನೀವೂ ಇಟ್ಟುಕೊಳ್ಳಿ.

ತೆಗೆದ ನೀಲಿ ವಾಲ್ವನ್ನು ಕೊಳ್ಳಲು ಇಬ್ಬರು ಕೇಳಿದರು. ಇಬ್ಬರ ಕಾರಿನಲ್ಲೂ ಏರ್ ಫ್ಲೋ ಸೆನ್ಸರ್ ಇತ್ತು, ಹಾಗಾಗಿ ಕೊಡಲಿಲ್ಲ. ಹಳೆಯ ಟರ್ಬೊ ಕಾರು ನೋಡಲು ಹೋಗುವವರು ಎಂಜಿನ್ ಶಬ್ದ ಕೇಳಿದ ಮೇಲೆ ಬಾನೆಟ್ ಎತ್ತಿಸಿ, ಇಂಟರ್‌ಕೂಲರಿನಿಂದ ಬರುವ ಪೈಪಿನಲ್ಲಿ ಕವಲೊಡೆದ ವಾಲ್ವನ್ನು ಹುಡುಕಿ. ಅದರ ಇನ್ನೊಂದು ಬಾಯಿಗೆ ಹೋಸ್ ಇದೆಯೇ, ಆ ಹೋಸ್ ಟರ್ಬೊ ಮುಂದಿನ ಪೈಪಿಗೆ ಸೇರಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಬಾಯಿ ಬಯಲಿಗಿದ್ದರೆ ಮೂಲ ವಾಲ್ವ್ ಮನೆಯಲ್ಲಿದೆಯೇ ಎಂದು ಮಾರುವವರನ್ನು ಕೇಳಿ. ಇಲ್ಲವೆಂದರೆ ವಾಲ್ವ್, ಪೈಪಿನ ಬೆಲೆಯನ್ನು ಹೇಳಿದ ರೇಟಿನಿಂದ ಕಳೆದು ಮಾತನಾಡಿ, ಹೊಸ ಹೊಗೆ ತಪಾಸಣೆಯನ್ನು ನಿಮ್ಮ ಕಣ್ಣೆದುರಿಗೇ ಮಾಡಿಸಿದ ಮೇಲೆ ಮುಂಗಡ ಕೊಡಿ.